ಬೂದಿ ತಿಕ್ಕಿದ ಕಿಟಕಿ

“ಅಲ್ಲೇ ನಿಂದ್ರು ಮಿಸ್ತ್ರಿ. ಆವತ್ತ ಎಲ್ಲಿ ನಿಂತಿದ್ದಿ, ಅಲ್ಲೇ. ಒಂದ ಹೆಜ್ಜಿ ಮುಂದ ಬರಬ್ಯಾಡ.”

ಇಷ್ಟು ಹೇಳಿ ಸೋಮನಿಂಗ ಜಮಾದಾರರು ಖೋಲಿಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಾನು ಜಾಲಿ ಮರದ ಕೆಳಗೆ ನಿಂತೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಡೋಣಿ ನದಿಯ ನೀರಳತೆಯ ಖೋಲಿ. ಕಟ್ಟಿಗೆಯ ಗೋಡೆ, ತಗಡಿನ ಮಾಡು, ಬಾಗಿಲ ಮಗ್ಗುಲಿಗೆ ನಮ್ಮ ಕಡೆ ಮುಖ ಮಾಡಿದ ಕಿಟಕಿ, ಎಡಬಲದ ಗೋಡೆಗೆ ಇನ್ನೊಂದೊಂದು. ಅರ್ಧ ಹರದಾರಿ ಆಚೆ ನಾಲ್ಕು ಗುಡಿಸಲು ಬಿಟ್ಟರೆ ಸುತ್ತಮುತ್ತ ಬರೀ ಜೋಳದ ಹೊಲ.

ಹೂವಿನ ಹಿಪ್ಪರಗಿಯಲ್ಲಿ ನಾಲ್ವತ್ತು ವರ್ಷ ಬಾಗಿಲು ಕಿಟಕಿ ಮಾಡಿದವನು ನಾನು, ಕುತುಬುದ್ದೀನ ಮಿಸ್ತ್ರಿ. ನಿಂದ್ರು ಅಂದರೆ ನಿಲ್ಲುವ, ಕೂಡ್ರು ಅಂದರೆ ಕೂಡುವ ಜಾತಿಯವನಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತು. ಬೇರೆ ದಿನವಾಗಿದ್ದರೆ ಪೊಲೀಸ ನೌಕರಿ ಮುಗಿಸಿ ಪೆನ್ಶನ್ ತಿನ್ನುವ ಈ ಮುದ್ದೇಬಿಹಾಳದ ಜಮಾದಾರನಿಗೆ ಎರಡು ಮಾತು ಒಗೆದು ಮನೆಯ ದಾರಿ ಹಿಡಿಯುತ್ತಿದ್ದೆ. ಆದರೆ ನನ್ನ ಬೆನ್ನ ಹಿಂದೆ ಕಲ್ಲಿನ ಮೇಲೆ, ಅವರನ್ನು ಬೇಡಿ ಕರೆತಂದ ಬಾನುಬಿ ಕೂತಿದ್ದಳು. ಅವಳು ಇರುವಾಗ ನನಗೆ ಸಿಟ್ಟು ಮಾಡುವ ಹಕ್ಕೂ ಇಲ್ಲ ಅನಿಸುತ್ತಿತ್ತು.

ಬಾನುಬಿಯ ಗಂಡ ಮೈಬೂಬ ಇಪ್ಪತ್ತೊಂದು ದಿನದಿಂದ ಬಿಜಾಪುರದ ಜೇಲಿನಲ್ಲಿದ್ದಾನೆ. ನದಿಯ ನೀರು ಅಳೆಯುವ ಶಂಕ್ರೆಪ್ಪನನ್ನು ತಲೆಗೆ ಹೊಡೆದು ಕೊಂದವನು ಅವನೇ ಎಂದು ಪೊಲೀಸರು ಹೇಳುತ್ತಾರೆ. ಹಾಗೆ ಹೇಳಲು ಅವರಿಗೆ ಬಾಯಿ ಕೊಟ್ಟವನು ನಾನು. ಕೊಲೆಯಾದ ಸಂಜೆ ಈ ಕಿಟಕಿಯೊಳಗೆ ಮೈಬೂಬನನ್ನು ಕಣ್ಣಾರೆ ಕಂಡೆ ಎಂದು ಬರೆಸಿ ಸಹಿ ಹಾಕಿದ್ದೇನೆ. ನಾಡಿದ್ದು ಸೋಮವಾರ ಬಾಗೇವಾಡಿಯ ಕೋರ್ಟಿನಲ್ಲಿ ಅದನ್ನೇ ಇನ್ನೊಮ್ಮೆ ಹೇಳಬೇಕು. ಹೇಳಿದೆನೆಂದರೆ ಆ ಮನುಷ್ಯನಿಗೆ ಗಲ್ಲು ತಪ್ಪಿದ್ದಲ್ಲ.

“ಮಿಸ್ತ್ರಿ, ಒಳಗ ಯಾರ ಕಾಣತಾರ?” ಜಮಾದಾರರ ದನಿ ಕೇಳಿತು.

ಇಳಿಬಿಸಿಲು ನನ್ನ ಬೆನ್ನಿಗಿತ್ತು. ಅದೇ ಹೊತ್ತು, ಅದೇ ಬೆಳಕು. ಕಿಟಕಿಯಾಚೆ ಒಬ್ಬ ಮನುಷ್ಯ ನಿಂತಿದ್ದ. ಕಂದು ಮೈ, ತಲೆಗೆ ಕೆಂಪು ರುಮಾಲು. ಈ ಸೀಮೆಯಲ್ಲಿ ಎಲ್ಲರೂ ಬಿಳಿ ಸುತ್ತುತ್ತಾರೆ. ಹಕ್ಕಿ ಕಾಯುವ ಮೈಬೂಬನೊಬ್ಬನೇ ಕೆಂಪು.

“ಕೆಂಪ ರುಮಾಲದಾವ ಅದಾನ್ರಿ. ಮೈಬೂಬನ ಹಂಗ… ಆವತ್ತ ಕಂಡಂಗ ಕಾಣತಾನ.”

ಬಾನುಬಿ ದಡಕ್ಕನೆ ಎದ್ದು ನಿಂತಳು. ಗಂಡನನ್ನು ಬಿಟ್ಟು ಕರೆತಂದರೇನೋ ಎಂದು ಆ ಬಡಪಾಯಿಗೆ ಒಂದು ಗಳಿಗೆ ಆಸೆ ಹುಟ್ಟಿರಬೇಕು.

ಬಾಗಿಲು ತೆರೆಯಿತು. ಸೋಮನಿಂಗ ಜಮಾದಾರರು ಬರಿಗೈ, ಬರಿತಲೆಯಲ್ಲಿ ಹೊರಗೆ ಬಂದು ನನ್ನ ಹತ್ತಿರ ನಿಂತರು. ಕೆಂಪು ರುಮಾಲಿನವನು ಇನ್ನೂ ಕಿಟಕಿಯಲ್ಲೇ ನಿಂತಿದ್ದ.

“ನಡಿ, ನಿನ್ನ ಮೈಬೂಬನ್ನ ಮಾತಾಡಿಸೋಣ,” ಅಂದರು.

ಒಳಗೆ ಹೋಗಿ ನೋಡಿದೆ. ಕಿಟಕಿಯ ಪಕ್ಕದ ಮೊಳೆಗೆ ಶಂಕ್ರೆಪ್ಪನ ಖಾಕಿ ಕೋಟು ತೂಗುಹಾಕಿತ್ತು. ಅದಕ್ಕೆ ಒರಗಿ ಅಳತೆಯವರ ಬಾವುಟದ ಕೋಲು. ಕೋಲಿನ ತುದಿಗೆ ಕೆಂಪು ಬಟ್ಟೆ ಸುತ್ತಿತ್ತು.

ಪಂಚನಾಮೆಯಲ್ಲಿ ಇವೆರಡೂ ಇದೇ ಜಾಗದಲ್ಲಿ ಇದ್ದವೆಂದು ಬರೆದಿದೆಯಂತೆ. ಫೌಜದಾರರು ಬರೆದರು, ಆದರೆ ಹೊರಗೆ ಹೋಗಿ ಮರದ ಕೆಳಗೆ ನಿಂತು ನೋಡಲಿಲ್ಲ. ನೋಡುವ ಜರೂರಿ ಅವರಿಗೇನಿತ್ತು? ಕಂಡವನು ನಾನಿದ್ದೆನಲ್ಲ.

ಒಂದು ಕೋಟಿನ ಮೇಲೆ, ಒಂದು ತುಂಡು ಬಟ್ಟೆಯ ಮೇಲೆ ಆಣೆ ಮಾಡಿ ಒಬ್ಬ ಮನುಷ್ಯನನ್ನು ಜೇಲಿಗೆ ಕಳಿಸಿದ್ದೆ. ಬಾನುಬಿ ಬಾಗಿಲಲ್ಲಿ ನಿಂತು ಆ ಕೋಟನ್ನೂ ನನ್ನನ್ನೂ ನೋಡುತ್ತಿದ್ದಳು. ನೆಲ ಬಾಯಿ ಬಿಡಬಾರದೇ ಅನಿಸಿತು.

ಜಮಾದಾರರು ಕಿಟಕಿಯ ಹಲಗೆಗೆ ಬೆರಳು ಹಚ್ಚಿದರು. “ಇದ ಗಾಜ ಅಲ್ಲಲ್ಲ?”

ಅಲ್ಲ, ಪ್ಲಾಸ್ಟಿಕ್ಕು ಎಂದೆ. ಆರಿಸಿ ತಂದವನು ನಾನೇ ಎಂದೂ ಹೇಳಿದೆ. ಹೇಳುವಾಗ ಮೊದಲಿದ್ದ ಹಮ್ಮು ನನ್ನ ದನಿಯಲ್ಲಿ ಇರಲಿಲ್ಲ.

ಅದರ ಕಥೆ ಅವರಿಗೆ ಹೇಳಿದಂತೆ ನಿಮಗೂ ಹೇಳಿಬಿಡುತ್ತೇನೆ.

ಜೋಳದ ತೆನೆಯ ಕಾಳಿನಲ್ಲಿ ಹಾಲು ತುಂಬಿತೆಂದರೆ ಇಲ್ಲಿ ಅಟ್ಟಣಿಗೆ ಹತ್ತಿ ಕವಣೆಯಿಂದ ಹಕ್ಕಿ ಹೊಡೆಯುತ್ತಾರೆ. ಖೋಲಿ ಎರಡು ಹೊಲಗಳ ನಡುವೆ ಇದೆ. ಆ ಕಡೆಯಿಂದ ಬೀಸಿದ ಕಲ್ಲೂ ಕಿಟಕಿಗೆ, ಈ ಕಡೆಯಿಂದ ಬೀಸಿದ್ದೂ ಕಿಟಕಿಗೆ. ನಾಲ್ಕು ಸಲ ಗಾಜು ಒಡೆದವು, ನಾಲ್ಕು ಸಲ ನಾನು ಹಾಕಿದೆ. ನಾಲ್ಕನೆಯ ಸಲ ಶಂಕ್ರೆಪ್ಪ ಮೈಬೂಬನ ಅಟ್ಟಣಿಗೆಯ ಬುಡಕ್ಕೇ ಹೋಗಿ, ನಾಲ್ಕು ಜನ ಕೇಳುವ ಹಾಗೆ ಬಯ್ದು ಬಂದ. ಮೈಬೂಬನೂ ಸುಮ್ಮನೆ ಬಿಡಲಿಲ್ಲ. ಪೊಲೀಸರು ಕೊಲೆಗೆ ಕಾರಣ ಎಂದು ಹಿಡಿದದ್ದು ಇದೇ ಜಗಳವನ್ನು.

ಅಣೆಕಟ್ಟಿನ ಸರ್ವೆಯ ಇಂಜಿನಿಯರು ಬಂದವರು, ಇನ್ನು ಗಾಜು ಬೇಡ, ಒಡೆಯದಂಥದ್ದು ಏನಾದರೂ ಹಾಕಿರಿ ಎಂದು ಹೇಳಿ ಜೀಪು ಹತ್ತಿದರು. ಒಡೆಯದಂಥದ್ದು ಅಂದರೆ ಯಾವುದು? ಅದನ್ನು ಹುಡುಕುವ ತಲೆನೋವು ನನಗೆ ಬಂತು. ಸೊಲ್ಲಾಪುರಕ್ಕೆ ಹೋದೆ. ಅಲ್ಲಿಯ ಅಂಗಡಿಯವನು ಮೂರು ನಮೂನೆಯ ಪ್ಲಾಸ್ಟಿಕ್ ಮುಂದಿಟ್ಟ. ಒಂದು ಫೋಟೋ ರೀಲಿನಂಥದ್ದು. ಒಂದು ಟಾಂಗಾದ ಪಡದೆಗೆ ಹೊಲಿಯುವಂಥ ತೆಳು ಹಾಳೆ. ಮೂರನೆಯದು ಗಟ್ಟಿ, ಗಾಜಿಗಿಂತ ನಿಚ್ಚಳ, ಎರಡೂ ಮಗ್ಗುಲು ಕಾಗದ ಅಂಟಿಸಿದ್ದು. ವಿಮಾನದ ಕಿಟಕಿಗೆ ಇದನ್ನೇ ಹಾಕುತ್ತಾರೆ, ಚೀನಾ ಯುದ್ಧ ಸುರುವಾದ ಮೇಲೆ ಈ ಮಾಲು ಸಿಗುವುದೇ ಕಷ್ಟ ಎಂದು ಅವನು ಕೊಚ್ಚಿಕೊಂಡ. ಮೂರರದೂ ಒಂದೊಂದು ತುಂಡು ಕೇಳಿ ತಂದೆ. ಅಂಗಡಿಯವನ ಮಾತು ನಂಬಿ ಮಾಲು ತರುವವನು ನಾನಲ್ಲ.

ಮೊದಲನೆಯದಕ್ಕೆ ಇದೇ ದಿಬ್ಬದ ಮೇಲೆ ಕಡ್ಡಿ ಗೀರಿದೆ. ಭಗ್ ಅಂತ ಹತ್ತಿಕೊಂಡಿತು. ನನ್ನ ಹುಬ್ಬಿನ ಕೂದಲು ಸುಟ್ಟವು. ಒಳಗೆ ಕಂದೀಲು ಇಟ್ಟುಕೊಂಡು ಮಲಗುವ ಮನುಷ್ಯನಿಗೆ ಇದು ಬೇಡವೇ ಬೇಡ ಅಂದೆ. ಎರಡನೆಯದು ಎರಡು ದಿನದ ಬಿಸಿಲಿಗೆ ಹಪ್ಪಳದ ಹಾಗೆ ಮುದುಡಿತು. ಉಳಿದದ್ದು ಮೂರನೆಯದು. ಕಲ್ಲಿಗೆ ತಡೆಯುತ್ತದೋ ಇಲ್ಲವೋ ನೋಡುವುದು ಹೇಗೆ?

ಶಂಕ್ರೆಪ್ಪನೇ ಮೈಬೂಬನನ್ನು ಕರೆಸಿದ. ನಾಲ್ಕು ಸಲ ಬೇಡಾದಾಗ ಒಡೆದಿ, ಈಗ ಬೇಕಾಗೇತಿ, ಒಡಿ ನೋಡೋಣ ಎಂದು ಕೆಣಕಿದ. ತುಂಡನ್ನು ಜಾಲಿ ಮರಕ್ಕೆ ಕಟ್ಟಿದೆವು. ಮೈಬೂಬ ಆರು ಕಲ್ಲು ಬೀಸಿದ, ಆರೂ ತಾಗಿದವು. ಪ್ಲಾಸ್ಟಿಕ್ಕಿಗೆ ಏನೂ ಆಗಲಿಲ್ಲ. ಪುಟಿದ ಒಂದು ಕಲ್ಲು ಬಂದು ನನ್ನ ಮೊಣಕಾಲಿಗೆ ಬಡಿಯಿತು. ನಾನು ಕುಂಟುತ್ತ ಬಯ್ಯುವುದನ್ನು ನೋಡಿ ಅವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಂಕ್ರೆಪ್ಪ ತನ್ನ ಗಂಟು ಬಿಚ್ಚಿ ಮೈಬೂಬನಿಗೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟ. ಜಗಳ ಅವತ್ತಿಗೆ ಮುಗಿಯಿತು.

“ಇದನ್ನ ಫೌಜದಾರರ ಮುಂದ ಹೇಳಿದ್ಯಾ?” ಜಮಾದಾರರು ಕೇಳಿದರು.

ಇಲ್ಲ. ಜಗಳ ಇತ್ತೇನು ಎಂದು ಅವರು ಕೇಳಿದರು, ಇತ್ತು ಎಂದೆ. ಮುಗಿಯಿತೇನು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಠಾಣೆಯಲ್ಲಿ ಕುರ್ಚಿ ಕೊಟ್ಟಿದ್ದರು, ಚಹಾ ತರಿಸಿದ್ದರು. ಮಿಸ್ತ್ರಿ, ನಿನ್ನ ಕಣ್ಣೇ ಈ ಕೇಸಿಗೆ ಆಧಾರ ಎಂದಿದ್ದರು. ಆ ಮಾತಿಗೆ ನಾನು ಉಬ್ಬಿಹೋದೆ. ಈಗ ಬಾನುಬಿಯ ಮುಂದೆ ಅದನ್ನು ಒಪ್ಪಿಕೊಳ್ಳುವಾಗ ನನ್ನ ನಾಲಿಗೆಯನ್ನು ನಾನೇ ಕಿತ್ತು ಒಗೆಯಬೇಕು ಅನಿಸಿತು.

ಜಮಾದಾರರಿಗೆ ನನ್ನ ಸಂಕಟಕ್ಕಿಂತ ಕಿಟಕಿ ಮುಖ್ಯವಾಗಿತ್ತು. ಇಷ್ಟು ನಿಚ್ಚಳ ಇದ್ದದ್ದು ಹೀಗೇಕೆ ಆಯಿತು ಎಂದು ಕೇಳಿದರು. ಹಲಗೆಯ ತುಂಬ ಕೂದಲೆಳೆಯಷ್ಟು ಸಣ್ಣ ಗೀರು, ಗುಂಡಗೆ ಗುಂಡಗೆ, ಒಂದರ ಮೇಲೊಂದು. ಆಚೆಯ ಮರ ಇದೆಯೆಂದು ಗೊತ್ತಾಗುತ್ತಿತ್ತು, ಅದು ಜಾಲಿಯೋ ಬೇವೋ ಗೊತ್ತಾಗುತ್ತಿರಲಿಲ್ಲ.

ಉತ್ತರ ಹೇಳಲು ಅವರು ಸುಂದರವ್ವನನ್ನು ಮೊದಲೇ ಕರೆಸಿದ್ದರು. ಗುಡಿಸಲಿನಿಂದ ದಿನಾ ಬಂದು ಖೋಲಿಯ ಕಸ ಹೊಡೆದು ಕೊಡ ನೀರು ತಂದಿಡುತ್ತಿದ್ದ ಮುದುಕಿ. ಆಕೆ ಒಳಗೆ ಬರಲು ಹೆದರಿ ಹೊಸ್ತಿಲಲ್ಲೇ ಕೂತಳು.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಮಂಗಳವಾರ, ಹಬ್ಬಕ್ಕೆಂದು ಇಡೀ ಖೋಲಿ ತೊಳೆದಿದ್ದಳಂತೆ. ಕಿಟಕಿಗೆ ದೂಳು ಹಿಡಿದಿತ್ತು. ಒಲೆಯ ಬೂದಿ ತಂದು, ತೆಂಗಿನ ನಾರಿಗೆ ಹಚ್ಚಿ, ಮೂರೂ ಕಿಟಕಿಗಳನ್ನು ಒಳಗೂ ಹೊರಗೂ ತಿಕ್ಕಿದಳು.

“ಕಂದೀಲ ಗ್ಲಾಸ ದಿನಾ ಬೂದಿಲೇ ತಿಕ್ಕತೇನ್ರೀ ಯಪ್ಪಾ. ಫಳಫಳ ಹೊಳೀತಾವ. ಇದೂ ಗ್ಲಾಸ ಅಂತ ತಿಳದೆ. ತಿಕ್ಕಿದಷ್ಟ ಮಬ್ಬ ಆತು. ಹೊಲಸ ಇನ್ನಾ ಹೋಗಿಲ್ಲ ಅಂತ ಮತ್ತಿಷ್ಟ ತಿಕ್ಕಿದೆ.”

ಅವಳ ಕಣ್ಣಲ್ಲಿ ನೀರಾಡಿತು. ನೀನೇಕೆ ಅಳುತ್ತೀ ಎಂದು ಕೇಳಬೇಕೆನಿಸಿತು. ಅಳಬೇಕಾದವನು ನಾನು.

ಏಕೆಂದರೆ ಸೊಲ್ಲಾಪುರದ ಅಂಗಡಿಯವನು ನನಗೆ ಮೂರು ಮಾತು ಹೇಳಿ ಕಳಿಸಿದ್ದ. ಬಿಸಿಲಿಗೆ ಇದು ಉಬ್ಬುತ್ತದೆ, ತಿರುಪಿನ ತೂತು ಸ್ವಲ್ಪ ದೊಡ್ಡದು ಕೊರೆ. ಬೆಂಕಿಯ ಹತ್ತಿರ ಒಯ್ಯಬೇಡ. ತೊಳೆಯುವಾಗ ಸಾಬೂನು ನೀರು, ಮೆತ್ತನ್ನ ಅರಿವೆ ಮಾತ್ರ. ಬೂದಿ, ಮಣ್ಣು ಮುಟ್ಟಿಸಲೇಬೇಡ. ಮೊದಲ ಎರಡನ್ನು ಅಕ್ಷರ ತಪ್ಪದೆ ಮಾಡಿದೆ, ಅದು ನನ್ನ ಕಸುಬು. ಮೂರನೆಯದನ್ನು ಯಾರಿಗೂ ಹೇಳಲಿಲ್ಲ. ತಿಕ್ಕುವುದು ತೊಳೆಯುವುದು ಹೆಂಗಸರ ಕೆಲಸ, ಅದರ ಉಸಾಬರಿ ಮಿಸ್ತ್ರಿಗೇಕೆ ಎಂಬ ದೌಲತ್ತು. ಕಿಟಕಿ ಹಾಕುವಾಗ ಸುಂದರವ್ವ ಎರಡು ಮಾರು ದೂರದಲ್ಲಿ ಕಸ ಹೊಡೆಯುತ್ತಿದ್ದಳು. ಒಂದು ಮಾತು ಹೇಳಲು ನನ್ನ ಗಂಟೇನು ಹೋಗುತ್ತಿತ್ತು?

ತಪ್ಪು ನನ್ನದು ಎಂದು ಆಕೆಗೆ ಹೇಳಿದೆ. ಆಕೆಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದಳು.

“ಶಂಕ್ರೆಪ್ಪ ಏನಂದ, ಮಬ್ಬಾದದ್ದ ನೋಡಿ?” ಜಮಾದಾರರು ಕೇಳಿದರು.

“ಸಿಟ್ಟ ಮಾಡಲಿಲ್ರಿ ಅಂವಾ, ದೇವರಂಥಾ ಮನಶಾ. ‘ಅವ್ವಾ, ಇನ್ನ ಬಾಗಲಕ ಯಾರ ಬಂದ್ರೂ ಕಾಣೂದಿಲ್ಲ ನನಗ’ ಅಂದಾ. ಅಷ್ಟ.”

ಜಮಾದಾರರು ಬಾಗಿಲ ಹಿಂದಿನ ಅಡ್ಡಗೋಲನ್ನು ಎತ್ತಿ ಇಳಿಸಿ ನೋಡಿದರು. ಅದನ್ನು ಯಾರೂ ಮುರಿದಿರಲಿಲ್ಲ. ಒಂಟಿ ಖೋಲಿ, ಶಂಕ್ರೆಪ್ಪ ಯಾವಾಗಲೂ ಅಡ್ಡಗೋಲು ಹಾಕಿಯೇ ಕೂತಿರುತ್ತಿದ್ದ. ಯಾರಾದರೂ ಬಾಗಿಲು ಬಡಿದರೆ ಮೊದಲು ಈ ಕಿಟಕಿಯಲ್ಲಿ ಬಗ್ಗಿ ನೋಡಿ, ಬೇಕಾದವರಾದರೆ ತೆರೆಯುತ್ತಿದ್ದ, ಬೇಡಾದವರಾದರೆ ಒಳಗಿನಿಂದಲೇ ಮಾತಾಡಿ ಕಳಿಸುತ್ತಿದ್ದ. ಅದು ನಮಗೆಲ್ಲ ಗೊತ್ತಿದ್ದ ವಿಷಯ.

ಅವರು ಬಾಯಿ ಬಿಟ್ಟು ಹೇಳುವ ಮೊದಲೇ ನನಗೆ ತಿಳಿದುಹೋಯಿತು. ಆ ಬುಧವಾರ ಬಂದವನನ್ನು ಶಂಕ್ರೆಪ್ಪ ಕಿಟಕಿಯಲ್ಲಿ ಬಗ್ಗಿ ನೋಡಿದ್ದಾನೆ. ಯಾರೋ ಒಬ್ಬ ಮನುಷ್ಯ, ಅಷ್ಟೇ ಕಂಡಿದೆ. ಹಬ್ಬದ ದಿನ ಯಾರೋ ಹೊಲದವರು ಎಡೆ ತಂದಿರಬೇಕೆಂದು ಅಡ್ಡಗೋಲು ತೆಗೆದಿದ್ದಾನೆ. ಕಿಟಕಿ ನಿಚ್ಚಳವಿದ್ದಿದ್ದರೆ ತೆಗೆಯುತ್ತಿರಲಿಲ್ಲವೇನೋ.

ನಾನು ಗೋಡೆ ಹಿಡಿದು ಕೂತೆ. ಬಾನುಬಿ ಕೊಡದಿಂದ ಒಂದು ತಂಬಿಗೆ ನೀರು ತಂದು ಮುಂದೆ ಇಟ್ಟಳು. ನನಗೆ ನೀರು ಕೊಡಬೇಕಾದ ಕೈಯೇ ಅದು?

ಜಮಾದಾರರು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತರು. ಅವರು ಪೊಲೀಸರ ಹಾಗೆ ಗದರಿಸುವವರಲ್ಲ. ಪಕ್ಕದ ಮನೆಯವರು ಬೆಳೆಯ ಸುದ್ದಿ ಕೇಳುವ ಹಾಗೆ ಕೇಳುತ್ತಾರೆ. ಅದೇ ಅವರ ಕೆಟ್ಟ ಗುಣ.

“ಒಂದ ಮಾತ ಹೇಳ. ಮರದ ತನಕಾ ಬಂದಾವ, ಒಳಗ ಜನಾ ಕಾಣಿಸಿದ ಮ್ಯಾಲೂ ಹೊಳ್ಳಿ ಯಾಕ ಹೋದಿ? ಬೈರಿಗಿ ಮರತಿದ್ದೆ, ಒಯ್ಯಾಕ ಬಂದಿದ್ದೆ ಅಂತ ಕಾಗದದಾಗ ಐತಿ. ಬೈರಿಗಿ ಒಯ್ಯಲೇ ಇಲ್ಲಲ್ಲ.”

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ತೂತು ಕೊರೆಯುವ ಆ ಬೈರಿಗೆಯನ್ನು ನಾನು ಮರೆತೇ ಇರಲಿಲ್ಲ, ಅದು ಮನೆಯಲ್ಲೇ ಇತ್ತು ಎಂದೆ. ಕಿಟಕಿ ಮಬ್ಬಾದ ಸುದ್ದಿ ತಿಳಿದು ನೋಡಲು ಬಂದಿದ್ದೆ. ಇಡೀ ತಾಲೂಕಿನಲ್ಲಿ ಯಾರೂ ಹಾಕದ ಕಿಟಕಿ ಹಾಕಿದೆನೆಂದು ಒಂದು ವಾರ ಮೆರೆದಿದ್ದೆ. ಅದು ಕೆಟ್ಟಿತೆಂದು ಠಾಣೆಯಲ್ಲಿ ಹೇಳಲು ನಾಚಿಕೆಯಾಗಿ ಬೈರಿಗೆಯ ನೆಪ ಹೇಳಿದೆ. ಮರದ ಹತ್ತಿರ ಬಂದಾಗ ಕೆಂಪು ಕಂಡಿತು. ಮೈಬೂಬ ಒಳಗಿದ್ದಾನೆ, ಅವನ ಮುಂದೆ ಶಂಕ್ರೆಪ್ಪನಿಂದ ಮಾತು ಕೇಳುವುದು ಬೇಡ, ನಾಳೆ ಬಂದರಾಯಿತು ಎಂದು ಹೊರಳಿ ಹೋದೆ. ಹಾಗೆ ಹೋದದ್ದು ಐದು ಗಂಟೆಗೆ.

ಜಮಾದಾರರು ಇನ್ನಷ್ಟು ಹತ್ತಿರ ಸರಿದರು. ಆಮೇಲೆ, ಹೇಳಬಾರದೆಂದಿದ್ದೆ, ಆದರೆ ಕೋರ್ಟಿನಲ್ಲಿ ಹೇಗೂ ಕೇಳುತ್ತೀ ಎಂದು ಪೀಠಿಕೆ ಹಾಕಿದರು. ಡಾಕ್ಟರರ ಕಾಗದ ಬಂದಿದೆಯಂತೆ. ಏಟು ಬಿದ್ದ ಮೇಲೆ ಶಂಕ್ರೆಪ್ಪ ಕೂಡಲೇ ಸತ್ತಿಲ್ಲ. ಒಂದು ತಾಸು, ಒಂದೂವರೆ ತಾಸು ಜೀವ ಹಿಡಿದುಕೊಂಡು ಬಿದ್ದಿದ್ದಾನೆ. ಸತ್ತದ್ದು ಹೊತ್ತು ಮುಳುಗುವ ಸುಮಾರಿಗೆ.

ಅಂದರೆ ನಾನು ಮರದ ಕೆಳಗೆ ನಿಂತು ಮಾನ ಮರ್ಯಾದೆ ಲೆಕ್ಕ ಹಾಕುವಾಗ ಅವನು ಈ ಕಿಟಕಿಯ ಬುಡದಲ್ಲಿ ಉಸಿರಾಡುತ್ತಿದ್ದ. ಇಪ್ಪತ್ತು ಹೆಜ್ಜೆ. ಎತ್ತಿನ ಬಂಡಿಗಳು ಆಗಷ್ಟೇ ಹಬ್ಬ ಮುಗಿಸಿ ಹೊಲದಿಂದ ಹೊರಟಿದ್ದವು. ಕೂಗಿದ್ದರೆ ಯಾರಾದರೂ ನಿಲ್ಲಿಸುತ್ತಿದ್ದರು. ನಾನು ಮುಖ ಮುಚ್ಚಿಕೊಂಡು ಅತ್ತೆ. ಅರವತ್ತು ವರ್ಷದವನು, ಇಬ್ಬರು ಹೆಂಗಸರ ಮುಂದೆ ಅತ್ತೆ. ಯಾ ಅಲ್ಲಾ, ಇದನ್ನು ಹೊತ್ತುಕೊಂಡು ನಾನು ಹೇಗೆ ಬದುಕಲಿ?

ಅಳು ನಿಲ್ಲುವ ತನಕ ಜಮಾದಾರರು ಕಾದರು. ಆಮೇಲೆ ಅದೇ ಮೆತ್ತನ್ನ ದನಿಯಲ್ಲಿ ಕೇಳಿದರು:

“ಕಿಟಕಿ ಮಬ್ಬಾಗೇತಿ ಅಂತ ನಿನಗ ಯಾರ ಹೇಳಿದ್ರು?”

ಹೇಳಲು ಬಾಯಿ ತೆರೆದೆ.

ಯಾರು ಹೇಳಲು ಸಾಧ್ಯ? ಸುಂದರವ್ವ ಮಂಗಳವಾರ ಮಧ್ಯಾಹ್ನ ತಿಕ್ಕಿ ಗುಡಿಸಲಿಗೆ ಹೋದವಳು ಜ್ವರ ಬಂದು ಮೂರು ದಿನ ಮಲಗಿದ್ದಳು. ಶಂಕ್ರೆಪ್ಪ ಬೆಳಿಗ್ಗೆ, ಸಂಜೆ ನೀರಿನ ಮಟ್ಟ ಬರೆಯಬೇಕು, ಖೋಲಿ ಬಿಟ್ಟು ಹೋಗಲೇ ಇಲ್ಲ. ನನಗೆ ಸುದ್ದಿ ಹೇಳಿದವನು ಮಂಗಳವಾರ ಮಧ್ಯಾಹ್ನದಿಂದ ಬುಧವಾರ ಬೆಳಗಿನ ಒಳಗೆ ಇಲ್ಲಿಗೆ ಬಂದಿರಲೇಬೇಕು.

ಬುಧವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಕೂತು ಜೋಳದ ರೊಟ್ಟಿ ಮುರಿಯುತ್ತ ನನಗೆ ಅದನ್ನು ಹೇಳಿದವನು ದಾವಲಮಲಿಕ. ನನ್ನ ಅಳಿಯ. ನನ್ನ ಒಬ್ಬಳೇ ಮಗಳು ನಜಮಾಳ ಗಂಡ.

ಮಾವಾ, ನಿಮ್ಮ ವಿಮಾನದ ಗ್ಲಾಸು ಕುರುಡಾಗಿ ಕೂತಿದೆ, ಎದುರಿಗೆ ನಿಂತವರೂ ಕಾಣುವುದಿಲ್ಲ ಎಂದು ನಕ್ಕಿದ್ದ. ನಾನು ಸಿಟ್ಟಿನಿಂದ ಕುದಿದುಹೋದೆ. ನೀನು ಯಾವಾಗ ಅಲ್ಲಿಗೆ ಹೋಗಿದ್ದೆ, ಏಕೆ ಹೋಗಿದ್ದೆ ಎಂದು ಕೇಳುವ ಬುದ್ಧಿ ಆ ಸಿಟ್ಟಿನಲ್ಲಿ ಎಲ್ಲಿಂದ ಬರಬೇಕು? ಎರಡು ದಿನ ಕಳೆದು ಫೌಜದಾರರು, ಕಿಟಕಿ ಕೂಡಿಸುವಾಗ ನನ್ನ ಜೊತೆ ಇದ್ದವನೆಂದು, ಅವನನ್ನೂ ಕರೆಸಿ ಕೇಳಿದರು. ರವಿವಾರದಿಂದ ಗುರುವಾರದ ತನಕ ಮೋರಟಗಿಯಲ್ಲಿ ಅಕ್ಕನ ಮನೆಯಲ್ಲಿದ್ದೆ ಅಂದುಬಿಟ್ಟ. ನಾನು ಪಕ್ಕದಲ್ಲೇ ಕೂತಿದ್ದೆ. ಪೊಲೀಸರ ಕಿರಿಕಿರಿ ಬೇಡವೆಂದು ಹಾಗೆ ಹೇಳಿದ, ಮನೆಯ ಮನುಷ್ಯ, ಇರಲಿ ಬಿಡು ಎಂದು ಸುಮ್ಮನಾದೆ. ಮೈಬೂಬನ ಹೆಸರು ಹೇಳುವಾಗ ಮಾತ್ರ ನನ್ನ ಬಾಯಿ ಎಷ್ಟು ಜೋರಾಗಿ ಓಡಿತ್ತು!

ಅವನಿಗೂ ಶಂಕ್ರೆಪ್ಪನಿಗೂ ಏನಿತ್ತೋ ನನಗೆ ಗೊತ್ತಿಲ್ಲ. ಏನೂ ಇರಲಿಕ್ಕಿಲ್ಲ. ಸುಮ್ಮನೆ ಹಾದುಹೋಗುವಾಗ ನೋಡಿರಬಹುದು. ಹಾಗಾದರೆ ಸುಳ್ಳೇಕೆ ಹೇಳಿದ?

“ಮಿಸ್ತ್ರಿ,” ಎಂದರು ಜಮಾದಾರರು. “ಯಾರ ಹೇಳಿದ್ರು ಅಂತ ಕೇಳಿದೆ.”

ನಜಮಾ ಏಳು ತಿಂಗಳ ಬಸುರಿ. ಅವತ್ತು ಬೆಳಿಗ್ಗೆ ನಾನು ಹೊರಡುವಾಗ ನನ್ನ ಅಂಗಿಯ ಗುಂಡಿ ಹಚ್ಚಿಕೊಟ್ಟು, ಬಾಬಾ, ಬಾನುಬಿಯ ಸಲುವಾಗಿ ಇದ್ದದ್ದು ಇದ್ದ ಹಾಗೆ ಹೇಳಿ ಬಾ ಎಂದಿದ್ದಳು.

ನನ್ನ ಎಡಕ್ಕೆ ಬಾನುಬಿ ನಿಂತಿದ್ದಳು. ಒಂದು ಹೆಸರು ಹೇಳಿದರೆ ಅವಳ ಗಂಡ ಬದುಕುತ್ತಾನೆ. ಅದೇ ಹೆಸರಿಗೆ ನನ್ನ ಮಗಳ ಬಾಳು ಮಣ್ಣಾಗುತ್ತದೆ. ಎರಡೂ ಕಡೆ ನೋಡಿದೆ. ಆಮೇಲೆ, ದೇವರಾಣೆ, ಏನೂ ಯೋಚಿಸದೆ ನನ್ನ ಬಾಯಿ ತಾನೇ ಮಾತಾಡಿತು.

“ಯಾರೂ ಹೇಳಲಿಲ್ರಿ. ಬುಧವಾರ ಮುಂಜಾನಿ ನಾನ ಬಂದಿದ್ದೆ. ನಾನ ನೋಡಿದೆ.”

ಜಮಾದಾರರು ಕಿಸೆಯಿಂದ ವಹಿ ತೆಗೆದು, ಪೆನ್ಸಿಲಿನ ತುದಿ ನಾಲಿಗೆಗೆ ಒತ್ತಿ, ಅದನ್ನು ಬರೆದುಕೊಂಡರು. ಬರೆದು ನನಗೆ ಓದಿ ಹೇಳಿದರು. ಓದಿ ಹೇಳಿದ ಮೇಲೆ ಅದರ ಅರ್ಥವನ್ನೂ ಬಿಡಿಸಿದರು. ನಾನು ಬುಧವಾರ ಎರಡು ಸಲ ಬಂದಂತಾಯಿತು. ಪೊಲೀಸರಿಗೆ ಒಂದೇ ಸಲ ಎಂದು ಹೇಳಿದಂತಾಯಿತು. ಬೈರಿಗೆಯ ಮಾತು ಸುಳ್ಳು, ರುಮಾಲಿನ ಮಾತು ಸುಳ್ಳು. ಕಿಟಕಿಯಿಂದ ಮನುಷ್ಯರ ಗುರುತು ಸಿಗುವುದಿಲ್ಲ ಎಂಬುದು ಗೊತ್ತಿದ್ದ ಹೊರಗಿನವನು ನಾನೊಬ್ಬನೇ.

“ಸೋಮವಾರ ಇದನ್ನ ಕೋರ್ಟಿನಾಗ ಹೇಳಿದ್ರ ಮೈಬೂಬ ಹೊರಗ ಬರತಾನ. ನೀ ಒಳಗ ಹೋಗ್ತಿ. ತಿಳೀತಿಲ್ಲೊ?”

“ತಿಳೀತ್ರಿ.”

“ಸಹಿ ಮಾಡು.”

ಮಾಡಿದೆ. ಮೈಬೂಬನ ಋಣ ಹೀಗಾದರೂ ತೀರಿತು ಎಂದು ಒಂದು ಕ್ಷಣ ಎದೆ ಹಗುರವಾಯಿತು, ಸುಳ್ಳೇಕೆ ಹೇಳಲಿ. ನಜಮಾಳ ಮನೆಯೂ ಉಳಿಯಿತು, ಇವಳ ಮನೆಯೂ ಉಳಿಯಿತು, ಹೋಗುವವನು ನಾನೊಬ್ಬ ಮುದುಕ.

ಆಗ ಬಾನುಬಿ ನನ್ನ ಮುಂದೆ ಬಂದು ನೆಲದ ಮೇಲೆ ಕೂತಳು. ಇಪ್ಪತ್ತೊಂದು ದಿನದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

“ಕಾಕಾ, ನೀವು ಮುಂಜಾನಿ ಬಂದಿರಲಿಲ್ಲ. ಆವತ್ತ ಮುಂಜಾನಿಂದ ಮಧ್ಯಾಹ್ನದ ತನಕಾ ನಾ ನನ್ನ ಗಂಡನ ಜೋಡಿ ಅಟ್ಟಣಿಗಿ ಮ್ಯಾಲೇ ಇದ್ದೆ. ಈ ದಾರಿಲೆ ನೀವು ಬರಲಿಲ್ಲ. ನನ್ನ ಗಂಡನ್ನ ಬಿಡಸಾಕ ನೀವು ಇಲ್ಲದ್ದ ಮೈಮ್ಯಾಲ ತಗೋಳಾಕತ್ತೀರಿ. ಇಷ್ಟ ದೊಡ್ಡ ಮನಸ ಬ್ಯಾಡ್ರಿ. ನಿಮಗೂ ಬಸರ ಮಗಳದಾಳ. ನಿಮ್ಮ ಸುಳ್ಳಿನಿಂದ ನನ್ನ ಗಂಡ ಬರೂದ ಬ್ಯಾಡ.”

ಹೀಗೆ ಹೇಳಿ ನನ್ನ ಎರಡೂ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಗುಳಿದ್ದರೆ ಒರೆಸಿಕೊಳ್ಳುತ್ತಿದ್ದೆ. ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಆಗಲಿಲ್ಲ, ಅಲ್ಲವ್ವಾ, ನಾನು ಉಳಿಸುತ್ತಿರುವುದು ನಿನ್ನ ಗಂಡನನ್ನಲ್ಲ ಎಂದು ಹೇಳಲೂ ಆಗಲಿಲ್ಲ.

ಸೋಮನಿಂಗ ಜಮಾದಾರರು ಸಹಿ ಮಾಡಿಸಿಕೊಂಡ ಹಾಳೆಯನ್ನು ವಹಿಯಿಂದ ನಿಧಾನವಾಗಿ ಹರಿದರು. ನಾಲ್ಕು ಚೂರು ಮಾಡಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಬಾನುಬಿಯನ್ನೂ ಸುಂದರವ್ವನನ್ನೂ ಬಂಡಿ ಹೂಡಿಸಲು ಹೊರಗೆ ಕಳಿಸಿದರು. ಅವರು ಹೋಗಿ ಎತ್ತಿನ ಗಂಟೆಯ ಸಪ್ಪಳ ಕೇಳುವ ತನಕ ಬಾಗಿಲಲ್ಲಿ ನಿಂತು ನೋಡಿದರು.

“ಇಂಥಾ ಸುಳ್ಳ ಮನಶಾ ನೆರೆಮನಿಯಾವನ ಸಲುವಾಗಿ ಹೇಳೂದಿಲ್ಲ ಮಿಸ್ತ್ರಿ,” ಎಂದರು. “ನಿನ್ನ ಅಳಿಯ ಈಗ ಎಲ್ಲಿರ್ತಾನ?”

ನಾನು ಅಳಿಯನ ಹೆಸರನ್ನೇ ಎತ್ತಿರಲಿಲ್ಲ.